ಪೇಶಂಟ್ ನಿಮಗೆ ಏನಾಗಬೇಕು?

ಮಂಗಳೂರಿನ ಫಳ್ನೀರ್ ರಸ್ತೆಯಲ್ಲಿ ಮಿಲಾಗ್ರಿಸ್ ಚರ್ಚಿನ ಕಡೆಯಿಂದ ಕಂಕನಾಡಿಗೆ ನಡೆದರೆ ಆಸ್ಪತ್ರೆ, ಕ್ಲಿನಿಕ್ಕು, ಲ್ಯಾಬು, ಮೆಡಿಕಲ್ ಶಾಪು, ಒಂದರ ಬೆನ್ನಿಗೆ ಒಂದು. ಈ ಊರಿನ ಕೋರ್ಟಿನಲ್ಲಿ ವಕೀಲಿಕೆ ಮಾಡಿ, ಇದೇ ರಸ್ತೆಯ ಪಕ್ಕದಲ್ಲಿ ಪ್ರಾಯ ಕಳೆದವಳು ನಾನು. ಹಾಗಾಗಿ ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮೆಚ್ಚಿ ಜೊತೆಗಿರುವ ನಿಮ್ಮಂಥ ಮಕ್ಕಳು ಕಾನೂನು ಕೇಳಲು ಬಂದಾಗ ನಾನು ಸಂವಿಧಾನದಿಂದ ಶುರು ಮಾಡುವುದಿಲ್ಲ, ಆಸ್ಪತ್ರೆಯ ಕೌಂಟರಿನಿಂದ ಶುರು ಮಾಡುತ್ತೇನೆ. ಆಪರೇಷನ್ನಿನ ಒಪ್ಪಿಗೆಗೆ ಸಹಿ ಹಾಕಿಸುವ ಮೊದಲು ಅಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ: "ಪೇಶಂಟ್ ನಿಮಗೆ ಏನಾಗಬೇಕು?" ಗಂಡ, ಹೆಂಡತಿ, ತಾಯಿ, ಅಣ್ಣ ಎಂದವರ ಕೈಗೆ ಪೆನ್ನು ಬರುತ್ತದೆ. "ಫ್ರೆಂಡ್" ಎಂದವರಿಗೆ "ಮನೆಯವರಿಗೆ ಫೋನ್ ಮಾಡಿ" ಎನ್ನುತ್ತಾರೆ. ಹತ್ತು ವರ್ಷ ಒಂದೇ ಒಲೆಯಲ್ಲಿ ಅನ್ನ ಬೇಯಿಸಿ ಉಂಡವರೂ ಆ ಹೊತ್ತಿಗೆ ಹೊರಗಿನವರು.

"2018ರಲ್ಲಿ ಎಲ್ಲ ಸರಿಯಾಯ್ತಲ್ಲ ಆಂಟಿ" ಎನ್ನುತ್ತೀರಿ. ಸರಿಯಾದದ್ದು ಎಷ್ಟು, ಆಗದ್ದು ಎಷ್ಟು ಎಂದು ಮೊದಲು ತಿಳಿದುಕೊಳ್ಳಿ. 1860ರಲ್ಲಿ ಬ್ರಿಟಿಷರು ಬರೆದ ದಂಡಸಂಹಿತೆಯ 377ನೇ ಕಲಂ ನಿಮ್ಮ ಪ್ರೀತಿಗೆ ಜೀವಾವಧಿಯವರೆಗೂ ಶಿಕ್ಷೆ ಇಟ್ಟಿತ್ತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ತಿರುಗಿಸಿತು. ಅದೇ 2013ರಲ್ಲಿ ನಮ್ಮ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ವಸುಧೇಂದ್ರ ಅವರ 'ಮೋಹನಸ್ವಾಮಿ' ಎಂಬ ಇದೇ ಪ್ರೀತಿಯ ಕಥೆಗಳ ಪುಸ್ತಕ ಕನ್ನಡದಲ್ಲಿ ಬಂತು. ಕೋರ್ಟು ಬಾಗಿಲು ಹಾಕಿದ ವರ್ಷವೇ ಸಾಹಿತ್ಯ ಬಾಗಿಲು ತೆರೆಯಿತು. ಆಮೇಲೆ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಕೇಸನ್ನು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ಮೇಲೆ ಆಧಾರ್ ವಿರುದ್ಧ ಅರ್ಜಿ ಹಾಕಿದ ಹಿರಿಯರು. ಅವರು ಕೋರ್ಟಿಗೆ ಹೋದದ್ದು ನಿಮಗಾಗಿ ಅಲ್ಲ. ಆದರೆ ಅವರು ಗೆದ್ದುಕೊಟ್ಟ ನೆಲದ ಮೇಲೆಯೇ 2018ರ ಸೆಪ್ಟೆಂಬರ್ 6ರ ತೀರ್ಪು ನಿಂತದ್ದು. ಪ್ರಾಯದವರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದು ಐವರು ನ್ಯಾಯಮೂರ್ತಿಗಳೂ ಒಂದೇ ಮಾತಿನಲ್ಲಿ ಹೇಳಿದರು.

ಅಪರಾಧವಲ್ಲ ಎಂದಾಯಿತು. ಸಂಬಂಧ ಎಂದಾಗಲಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರಿಯೋ ಪ್ರಕರಣದಲ್ಲಿ, ಮದುವೆಯ ಹಕ್ಕು ಕೊಡುವುದು ಸಂಸತ್ತಿನ ಕೆಲಸ, ನಮ್ಮದಲ್ಲ ಎಂದು ಸುಪ್ರೀಂ ಕೋರ್ಟ್ ಕೈ ಬಿಟ್ಟಿತು. 2025ರ ಜನವರಿಯಲ್ಲಿ ಮರುಪರಿಶೀಲನೆಯ ಅರ್ಜಿಗಳೂ ಬಿದ್ದುಹೋದವು. ಹೀಗಾಗಿ ಕೌಂಟರಿನ ಪ್ರಶ್ನೆಗೆ ಕಾನೂನು ನಿಮ್ಮ ಪರವಾಗಿ ಉತ್ತರ ಹೇಳುವುದಿಲ್ಲ. ಆ ಉತ್ತರವನ್ನು ನೀವೇ ಕಾಗದದಲ್ಲಿ ಬರೆದು ಇಟ್ಟುಕೊಳ್ಳಬೇಕು. ಕೈಕಾಲು ಗಟ್ಟಿ ಇರುವಾಗಲೇ.

ಪಕ್ಕದ ಫ್ಲ್ಯಾಟಿನ ಇಬ್ಬರು ಹೆಣ್ಣುಮಕ್ಕಳು ಕಳೆದ ಮಳೆಗಾಲದಲ್ಲಿ ಬಂದು, "ಥಾಯ್ಲೆಂಡಿಗೆ ಹೋಗಿ ಮದುವೆ ಆದ್ರೆ ಇಲ್ಲಿ ನಡೀತದಾ?" ಎಂದು ಕೇಳಿದರು. ಅಲ್ಲಿ 2025ರ ಜನವರಿ 23ರಿಂದ ಹಾಗೆ ಮದುವೆ ಆಗಬಹುದು, ನಿಜ. ಆದರೆ ಆ ಸರ್ಟಿಫಿಕೇಟು ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ ಗಂಡ-ಹೆಂಡತಿಗೆ ಸಿಗುವ ಒಂದೇ ಒಂದು ಹಕ್ಕನ್ನೂ ತಂದುಕೊಡುವುದಿಲ್ಲ. ಟಿಕೆಟಿನ ದುಡ್ಡಿನಲ್ಲಿ ಮೊದಲು ಒಂದು ಫೈಲು ಮಾಡಿ ಎಂದೆ.

ಆ ಫೈಲಿನಲ್ಲಿ ಎಂತೆಲ್ಲ ಇರಬೇಕು? ಜಂಟಿ ಬ್ಯಾಂಕ್ ಖಾತೆ. ಇದಕ್ಕೆ ಅಡ್ಡಿಯಿಲ್ಲ, ನಾಮಿನಿ ಮಾಡುವುದಕ್ಕೂ ಅಡ್ಡಿಯಿಲ್ಲ ಎಂದು ಕೇಂದ್ರದ ಹಣಕಾಸು ಸೇವೆಗಳ ಇಲಾಖೆ 2024ರ ಆಗಸ್ಟಿನಲ್ಲಿ ಸ್ಪಷ್ಟ ಮಾಡಿದೆ. ಬ್ಯಾಂಕಿನವರು ಗೊಣಗಿದರೆ ಆ ಪತ್ರದ ಪ್ರತಿ ತೋರಿಸಿ. ಒಟ್ಟಿಗಿರುವವರನ್ನು ಒಂದೇ ಮನೆಯೆಂದು ಎಣಿಸಿ ರೇಷನ್ ಕಾರ್ಡ್ ಕೊಡಬೇಕೆಂಬ ಸೂಚನೆಯೂ ಆಗಲೇ ಬಂದದ್ದು. ಆದರೆ ಇಲ್ಲಿ ತುಂಬಾ ಜನ ಎಡವುತ್ತಾರೆ: ನಾಮಿನಿ ಎಂದರೆ ವಾರಸುದಾರ ಅಲ್ಲ. ಬ್ಯಾಂಕಿನಿಂದ ಹಣ ನಾಮಿನಿಯ ಕೈಗೆ ಬರುತ್ತದೆ. ಮರುದಿನ ತೀರಿಹೋದವರ ಅಣ್ಣನೋ ಚಿಕ್ಕಪ್ಪನ ಮಗನೋ ವಾರಸುದಾರನೆಂದು ಬಂದು ನಿಂತರೆ ಕೊಡಬೇಕಾಗುತ್ತದೆ. ಅದಕ್ಕೆ ವಿಲ್ ಬೇಕೇ ಬೇಕು. ಬಿಳಿ ಹಾಳೆಯಲ್ಲಿ ಬರೆದರೂ ಸಾಕು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು, ಕ್ರಿಶ್ಚಿಯನ್ನರ ವಿಲ್ಲಿನಲ್ಲಿ ಹಾಕಿದರೆ ಅವರಿಗೆ ಬರೆದದ್ದು ಸಿಗುವುದಿಲ್ಲ. ರಿಜಿಸ್ಟರ್ ಕಡ್ಡಾಯವಲ್ಲ, ಆದರೂ ಮಾಡಿಸಿ. ನಾಳೆ ತಕರಾರು ಮಾಡುವವರ ಬಾಯಿ ಕಟ್ಟುತ್ತದೆ. ನಮ್ಮ ಬೀದಿಯಲ್ಲಿ ಮೂರೂ ಧರ್ಮದವರು ಇದ್ದಾರಲ್ಲ, ಅದಕ್ಕೆ ಇದನ್ನೂ ಹೇಳಬೇಕು: ಹಿಂದೂಗಳೂ ಕ್ರಿಶ್ಚಿಯನ್ನರೂ ಸ್ವಂತ ಗಳಿಕೆಯ ಪೂರ್ತಿ ಆಸ್ತಿಯನ್ನು ಇಷ್ಟಬಂದವರಿಗೆ ಬರೆಯಬಹುದು. ಮುಸ್ಲಿಂ ಮಕ್ಕಳು ವಾರಸುದಾರರ ಒಪ್ಪಿಗೆ ಇಲ್ಲದೆ ಮೂರರಲ್ಲಿ ಒಂದು ಪಾಲನ್ನಷ್ಟೇ ವಿಲ್ ಮೂಲಕ ಕೊಡಬಹುದು. ಅವರು ಬದುಕಿರುವಾಗಲೇ ದಾನಪತ್ರದ ದಾರಿ ನೋಡಬೇಕು, ವಕೀಲರ ಹತ್ತಿರ ಕೂತು.

ಇನ್ನು ಕಾಯಿಲೆಗೆ. ಪ್ರಜ್ಞೆ ತಪ್ಪಿ ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಯಾರು ಮಾತಾಡಬೇಕು ಎಂದು ಮುಂಚಿತವಾಗಿ ಬರೆದಿಡುವ ಅವಕಾಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟು, 2023ರಲ್ಲಿ ಸುಲಭ ಮಾಡಿದೆ. ಈಗ ಇಬ್ಬರು ಸಾಕ್ಷಿ, ನೋಟರಿಯ ಮೊಹರು ಸಾಕು. ಮಾನಸಿಕ ಆರೋಗ್ಯದ 2017ರ ಕಾಯ್ದೆಯ 14ನೇ ಕಲಂನಡಿ ನಿಮ್ಮ ಪ್ರತಿನಿಧಿ ಯಾರೆಂದು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೂ ನಡೆಯುತ್ತದೆ. ಅವರು ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಈ ಕಾಗದಗಳು ಎಲ್ಲ ಕೌಂಟರುಗಳಲ್ಲೂ ಪವಾಡ ಮಾಡುತ್ತವೆಂದು ನಾನು ಹೇಳುವುದಿಲ್ಲ. ಬರಿಗೈಯಲ್ಲಿ ಅತ್ತು ನಿಂತವರ ಮಾತಿಗಿಂತ ಮೊಹರು ಬಿದ್ದ ಕಾಗದದ ಮಾತಿಗೆ ಈ ದೇಶದಲ್ಲಿ ಬೆಲೆ ಜಾಸ್ತಿ, ಅಷ್ಟೆ.

"ಇಂಥದ್ದೆಲ್ಲ ನಮ್ಮ ಊರಿನದ್ದಲ್ಲ" ಎಂದು ನಿಮ್ಮ ಮನೆಯ ಹಿರಿಯರು ಹೇಳಿದರೆ ತಲೆ ತಗ್ಗಿಸಬೇಡಿ. ತುಳುನಾಡಿನ ಅಳಿಯಸಂತಾನದ ಮನೆಗಳ ಚರಿತ್ರೆಯನ್ನು ಅವರಿಗೆ ನೆನಪು ಮಾಡಿ. ನಮ್ಮಲ್ಲಿ ಆಸ್ತಿ ಮಾವನಿಂದ ಅಳಿಯನಿಗೆ ಹೋಗುತ್ತಿತ್ತು, ಕುಟುಂಬ ತಾಯಿಯ ಬಳಿಯಲ್ಲಿ ನಡೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಮದ್ರಾಸ್ ಹೈಕೋರ್ಟ್ ಈ ಮನೆಗಳ ಮದುವೆಯನ್ನು ಕಾನೂನಿನ ಮದುವೆಯೆಂದೇ ಒಪ್ಪಲಿಲ್ಲ. ಬೇಡವಾದಾಗ ಬಿಡಬಹುದಾದ ಸಂಬಂಧ ಮದುವೆ ಹೇಗಾದೀತು ಎಂಬುದು ಅವರ ವಾದ. ನನ್ನ ಮುತ್ತಜ್ಜಿ ಹಾಗೆ ಕೋರ್ಟಿನ ಕಣ್ಣಿಗೆ ಯಾರ ಹೆಂಡತಿಯೂ ಅಲ್ಲದೆಯೇ ಗಂಡನೊಟ್ಟಿಗೆ ಬಾಳಿದವಳು. ಅಂಥ ಮದುವೆಗಳಿಗೆ ಕಾಯ್ದೆಯ ಮಾನ್ಯತೆ ಕೊಟ್ಟದ್ದು 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ. ಕಾನೂನು ತಡವಾಗಿ ಬಂತು. ಬದುಕು ಅದಕ್ಕಾಗಿ ಕಾಯಲಿಲ್ಲ.

ಆದರೆ ಮನೆಯವರ ಒತ್ತಾಯಕ್ಕೆ ಬಗ್ಗಿ ಸುಳ್ಳು ಮದುವೆ ಮಾತ್ರ ಆಗಬೇಡಿ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ. "ಒಂದು ಮದುವೆ ಮಾಡಿದ್ರೆ ಎಲ್ಲ ಸರಿಯಾಗ್ತದೆ" ಎಂಬ ಮಾತಿಗೆ ಬಲಿಯಾಗಿ ಬಂದ ಹೆಣ್ಣುಮಕ್ಕಳನ್ನು ಕೌಟುಂಬಿಕ ನ್ಯಾಯಾಲಯದ ಬೆಂಚಿನಲ್ಲಿ ನೋಡಿದ್ದೇನೆ. ತನ್ನಲ್ಲೇ ಏನೋ ಕೊರತೆ ಎಂದು ವರ್ಷಗಟ್ಟಲೆ ನಂಬಿದವರು ಅವರು. ನಿಮ್ಮ ಭಯದ ಬೆಲೆಯನ್ನು ಇನ್ನೊಬ್ಬರ ಮಗಳು, ಇನ್ನೊಬ್ಬರ ಮಗ ತೆರಬಾರದು. "ಸರಿಮಾಡಿಸಲು" ಡಾಕ್ಟರ ಹತ್ತಿರ ಕರೆದುಕೊಂಡು ಹೋದರೂ ಒಪ್ಪಬೇಡಿ. ಹಾಗೆ ಬದಲಿಸುತ್ತೇವೆನ್ನುವ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಸಾರಿದೆ. ಪ್ರಾಯ ತುಂಬಿದವರನ್ನು ಮನೆಯಲ್ಲಿ ಕೂಡಿಹಾಕಿದರೆ ಬಿಡಿಸಿಕೊಳ್ಳಲು ಹೇಬಿಯಸ್ ಕಾರ್ಪಸ್ ಅರ್ಜಿ ಉಂಟು. ಹೆತ್ತವರು ಬೇರೆ ಮಾಡಿದ್ದ ಇಬ್ಬರು ಯುವತಿಯರನ್ನು 2022ರ ಮೇ 31ರಂದು ಪಕ್ಕದ ಕೇರಳದ ಹೈಕೋರ್ಟ್ ಒಟ್ಟಿಗೆ ಕಳಿಸಿಕೊಟ್ಟಿತು. ಇಂಥ ಕೇಸಿನಲ್ಲಿ ವ್ಯಕ್ತಿಯನ್ನು ಮನೆಯವರ ಎದುರಲ್ಲಲ್ಲ, ಒಬ್ಬರೇ ಇರುವಾಗ ಮಾತಾಡಿಸಬೇಕು, ಮನಸ್ಸು ತಿರುಗಿಸಲು ಕೌನ್ಸೆಲಿಂಗಿಗೆ ಅಟ್ಟಬಾರದು ಎಂದು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರಿಗೇ ಬುದ್ಧಿ ಹೇಳಿದೆ.

ಇನ್ನು ಆ್ಯಪಿನಲ್ಲಿ ಪರಿಚಯವಾಗಿ, ರೂಮಿಗೆ ಕರೆದು, ವಿಡಿಯೋ ಮಾಡಿ ದುಡ್ಡು ಕೀಳುವವರ ವಿಷಯ. "ಪೊಲೀಸರಿಗೆ ಹೇಳ್ತೇವೆ" ಎಂಬ ಅವರ ಬೆದರಿಕೆಗೆ ಈಗ ಬುಡವೇ ಇಲ್ಲ. ಅಪರಾಧಿ ನೀವಲ್ಲ, ಸುಲಿಗೆ ಮಾಡಿದವರು. ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ ಅವರ ಮೇಲೆ. ಮೊದಲ ಸಲವೇ ದೂರು ಕೊಡಿ, ಎರಡನೆಯ ಕಂತು ಕಟ್ಟಬೇಡಿ. ಆದರೆ ಅದೇ ಹೊಸ ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬರುವಾಗ 377 ಪೂರ್ತಿ ಬಿಟ್ಟುಹೋಯಿತು. ಗಂಡಸಿನ ಮೇಲೆ ಬಲಾತ್ಕಾರವಾದರೆ ಹಾಕಲು ಅದಕ್ಕೆ ಸಮನಾದ ಕಲಂ ಈಗ ಇಲ್ಲ. ಇದು ದೊಡ್ಡ ಅನ್ಯಾಯ, ಇದನ್ನು ಸರಿಪಡಿಸಲೇಬೇಕು.

ಮಂಗಳಮುಖಿ ಮಕ್ಕಳಿಗೆ ಬೇರೆಯೇ ದಾರಿ. ಲಿಂಗ ಯಾವುದೆಂದು ಹೇಳುವ ಹಕ್ಕು ಅವರದ್ದೇ ಎಂದು ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಹೇಳಿತು. 2019ರ ಕಾಯ್ದೆ ಅದನ್ನು ಜಿಲ್ಲಾಧಿಕಾರಿಯ ಪ್ರಮಾಣಪತ್ರಕ್ಕೆ ಕಟ್ಟಿತು. ಅರ್ಜಿ ಹಾಕುವ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಕೇಳಿಕೊಂಡೇ ಹೋಗಿ. 2021ರ ಜುಲೈಯಲ್ಲಿ ಸರ್ಕಾರಿ ನೌಕರಿಯ ಪ್ರತಿ ವರ್ಗದೊಳಗೂ ಶೇ. 1 ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. 'ಸಂಗಮ' ಸಂಸ್ಥೆ ಹೈಕೋರ್ಟಿನಲ್ಲಿ ಹೋರಾಡಿ ತಂದದ್ದು. ಕೆಪಿಎಸ್ಸಿ ಅರ್ಜಿಯಲ್ಲಿ ಆ ಕಾಲಂ ಖಾಲಿ ಬಿಡಬೇಡಿ.

ಹೊರದೇಶಕ್ಕೆ ಹೋಗುವವರು ನಮ್ಮ ಬೀದಿಯಲ್ಲಿ ಮನೆಗೊಬ್ಬರು. ಐರ್ಲೆಂಡಿಗೆ ನರ್ಸಿಂಗಿಗೆ ಹೋಗುವ ಮಕ್ಕಳೇ, ಆ ಕ್ಯಾಥೊಲಿಕ್ ದೇಶದ ಜನ 2015ರ ಮೇ 22ರಂದು ಓಟು ಹಾಕಿ ನಿಮ್ಮಂಥವರ ಮದುವೆಯನ್ನು ಒಪ್ಪಿದರು. ಅಮ್ಮನಿಗೆ ಅದನ್ನು ಹೇಳಿ. ಸೌದಿ, ಕತಾರ್, ಕುವೈತ್, ಒಮಾನಿಗೆ ಹೋಗುವವರು ಮಾತ್ರ ಜಾಗ್ರತೆ, ಅಲ್ಲಿ ಇಂಥ ಸಂಬಂಧ ಇವತ್ತಿಗೂ ಅಪರಾಧ. ದುಬೈಯ ಹೊಳಪು ನೋಡಿ ಅಲ್ಲಿ ಹಾಗಲ್ಲ ಎಂದುಕೊಳ್ಳಬೇಡಿ. ವಿಮಾನ ಹತ್ತುವ ಮೊದಲು ಫೋನಿನ ಆ್ಯಪು, ಫೋಟೋ, ಚ್ಯಾಟು ಅಳಿಸಿ. ಮುಂದಕ್ಕೆ ಹೋದ ಕಾನೂನು ಹಿಂದಕ್ಕೂ ಬರುತ್ತದೆ: 2023ರಲ್ಲಿ ಉಗಾಂಡ ಮರಣದಂಡನೆಯವರೆಗೂ ಹೋಯಿತು, 2025ರಲ್ಲಿ ಹಂಗೇರಿ ನಿಮ್ಮಂಥವರ ಮೆರವಣಿಗೆಗೇ ತಡೆ ಹಾಕಿತು.

ನಿಮ್ಮ ಫೈಲಿನ ಕೆಲಸ ಈ ತಿಂಗಳೇ ಮುಗಿಸಿ. ವಿಲ್ ಬರೆದು, ಆಧಾರ್ ಪ್ರತಿ ಹಿಡಿದುಕೊಂಡು ಶನಿವಾರ ಮಧ್ಯಾಹ್ನದ ಮೇಲೆ ಬನ್ನಿ. ಒಂದು ಸಾಕ್ಷಿ ನಾನೇ ಹಾಕುತ್ತೇನೆ. ಇನ್ನೊಂದಕ್ಕೆ ನಿಮ್ಮಿಬ್ಬರಿಗಿಂತ ಕಡಿಮೆ ಪ್ರಾಯದವರನ್ನು ಕರೆದುಕೊಂಡು ಬನ್ನಿ. ಮುಂದೆ ಕೋರ್ಟಿಗೆ ಬಂದು ಹೇಳಲು ಅವರು ಬದುಕಿರಬೇಕಲ್ಲ.