ಔಷಧಿ ಡಬ್ಬಿಯ ಮೇಲಿನ ರಾಸಾಯನಿಕ ಹೆಸರು: ಓದಿ ತಿಳಿಯುವ ಬಗೆ

ಬೆಳೆಗೆ ರೋಗ ಅಥವಾ ಕೀಟದ ಬಾಧೆ ಕಂಡಾಗ ರೈತರು ಅಂಗಡಿಗೆ ಹೋಗಿ ಔಷಧಿ ಕೊಳ್ಳುತ್ತಾರೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರು ಇರುತ್ತದೆ. ನಾಲಿಗೆ ಹೊರಳದ ಹೆಸರೆಂದು ಅದನ್ನು ಓದದೆ ಬಿಡುವವರೇ ಹೆಚ್ಚು. ಆದರೆ ಒಳಗಿರುವ ವಸ್ತು ಯಾವುದೆಂದು ಹೇಳುವುದು ಆ ಸಣ್ಣ ಅಕ್ಷರದ ಹೆಸರೇ. ಅದನ್ನು ಓದಲು ರಸಾಯನ ಶಾಸ್ತ್ರದ ಪದವಿ ಬೇಕಿಲ್ಲ. ಕೆಲವು ಮೂಲ ನಿಯಮಗಳನ್ನು ತಿಳಿದುಕೊಂಡರೆ ಸಾಕು.

ಸಾವಯವ ಎಂದರೇನು?

'ಸಾವಯವ' ಎಂಬ ಪದಕ್ಕೆ ಕೃಷಿಯಲ್ಲಿ ಒಂದು ಅರ್ಥ, ರಸಾಯನ ಶಾಸ್ತ್ರದಲ್ಲಿ ಇನ್ನೊಂದು ಅರ್ಥ. ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಹಸಿರೆಲೆ ಗೊಬ್ಬರಗಳು ರೈತರ ಮಾತಿನಲ್ಲಿ ಸಾವಯವ. ರಸಾಯನ ಶಾಸ್ತ್ರದಲ್ಲಾದರೋ ಇಂಗಾಲದಿಂದ ಕಟ್ಟಲ್ಪಟ್ಟ ವಸ್ತುಗಳಿಗೆ, ಕೆಲವನ್ನು ಬಿಟ್ಟು, ಸಾವಯವ ಎಂದೇ ಹೆಸರು. ಸಕ್ಕರೆ, ಎಣ್ಣೆ, ಹತ್ತಿಯ ನೂಲು ಮಾತ್ರವಲ್ಲದೆ ಇಂದು ಬಳಕೆಯಲ್ಲಿರುವ ಬಹುತೇಕ ಕೀಟನಾಶಕಗಳೂ ಕಳೆನಾಶಕಗಳೂ ಈ ಗುಂಪಿಗೆ ಸೇರುತ್ತವೆ.

ಇಂಥ ವಸ್ತುಗಳು ಜೀವಿಗಳಲ್ಲಿ ಮಾತ್ರ ಉಂಟಾಗುತ್ತವೆ ಎಂದು ಹಿಂದೆ ನಂಬಲಾಗಿತ್ತು. 1828ರಲ್ಲಿ ಜರ್ಮನಿಯ ವಿಜ್ಞಾನಿ ಫ್ರೀಡ್ರಿಕ್ ವೋಲರ್ ಪ್ರಯೋಗಶಾಲೆಯಲ್ಲಿಯೇ ಯೂರಿಯಾ ತಯಾರಿಸಿ ತೋರಿಸಿದನು. ಯೂರಿಯಾದ ಒಂದು ಅಣುವಿನಲ್ಲಿ ಇಂಗಾಲ 1, ಆಮ್ಲಜನಕ 1, ಸಾರಜನಕ 2, ಜಲಜನಕ 4 ಪರಮಾಣುಗಳಿವೆ. ಇವುಗಳ ತೂಕ ಕ್ರಮವಾಗಿ 12, 16, 28, 4, ಒಟ್ಟು 60. ಇದರಲ್ಲಿ ಸಾರಜನಕ 28 ಪಾಲು. ಯೂರಿಯಾ ಚೀಲದ ಮೇಲೆ ಸಾರಜನಕ ಶೇಕಡಾ 46 ಎಂದು ಬರೆದಿರುವ ಲೆಕ್ಕ ಇದೇ.

ಹೆಸರಿಡುವ ನಿಯಮಗಳು

ಇಂಗಾಲದ ಪ್ರತಿಯೊಂದು ಪರಮಾಣುವಿಗೂ ನಾಲ್ಕು ಕೈಗಳಿವೆ ಎಂದು ಭಾವಿಸಬಹುದು. ಈ ಕೈಗಳಿಂದ ಅದು ಇತರ ಪರಮಾಣುಗಳನ್ನೂ ತನ್ನಂಥ ಇಂಗಾಲವನ್ನೂ ಹಿಡಿಯುತ್ತದೆ. ಹೀಗೆ ಸರಪಳಿಗಳೂ ಉಂಗುರಗಳೂ ಆಗಿ ಲಕ್ಷಗಟ್ಟಲೆ ವಸ್ತುಗಳು ಉಂಟಾಗುತ್ತವೆ. ಒಬ್ಬೊಬ್ಬರು ಒಂದೊಂದು ಹೆಸರು ಇಟ್ಟರೆ ಗೊಂದಲವಾಗುವುದೆಂದು 1892ರಲ್ಲಿ ಜಿನೀವಾದಲ್ಲಿ ವಿಜ್ಞಾನಿಗಳು ಸೇರಿ ನಿಯಮಗಳನ್ನು ರೂಪಿಸಿದರು. 1919ರಲ್ಲಿ ಸ್ಥಾಪನೆಯಾದ ರಸಾಯನ ಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಮುಂದೆ ಆ ಕೆಲಸವನ್ನು ವಹಿಸಿಕೊಂಡಿತು. ಮುಖ್ಯ ನಿಯಮಗಳು ಹೀಗಿವೆ:

1. ಹೆಸರಿನ ಬುಡವು ಇಂಗಾಲದ ಸಂಖ್ಯೆಯನ್ನು ಹೇಳುತ್ತದೆ. 'ಮೀಥ್' ಎಂದರೆ ಒಂದು, 'ಈಥ್' ಎರಡು, 'ಪ್ರೋಪ್' ಮೂರು, 'ಬ್ಯೂಟ್' ನಾಲ್ಕು. ಗೋಬರ್ ಅನಿಲದಲ್ಲಿ ಉರಿಯುವ ಭಾಗ ಮೀಥೇನ್. ಅಡಿಗೆ ಅನಿಲದ ಸಿಲಿಂಡರಿನಲ್ಲಿರುವುದು ಮುಖ್ಯವಾಗಿ ಪ್ರೋಪೇನ್ ಮತ್ತು ಬ್ಯೂಟೇನ್.

2. ನಂತರದ ಅಕ್ಷರಗಳು ಇಂಗಾಲಗಳ ನಡುವಿನ ಹಿಡಿತವನ್ನು ಹೇಳುತ್ತವೆ. ಒಂಟಿ ಹಿಡಿತವಾದರೆ 'ಏನ್', ಜೋಡಿ ಹಿಡಿತವಾದರೆ 'ಈನ್', ಮೂರು ಹಿಡಿತವಾದರೆ 'ಐನ್'. ಎರಡು ಇಂಗಾಲಗಳ ಈಥೇನ್, ಈಥೀನ್, ಈಥೈನ್ ಮೂರೂ ಬೇರೆ ಬೇರೆ ಅನಿಲಗಳು. ಈಥೀನ್ ಎಂಬುದೇ ಹಣ್ಣು ಮಾಗಿಸುವ ಎಥಿಲೀನ್. ಈಥೈನ್ ಎಂಬುದು ಕಾರ್ಬೈಡ್ ಕಲ್ಲಿಗೆ ನೀರು ತಾಗಿದಾಗ ಹೊರಡುವ ಅಸಿಟಿಲೀನ್. ಕಾರ್ಬೈಡಿನಿಂದ ಹಣ್ಣು ಮಾಗಿಸುವುದನ್ನು ಕಾಯಿದೆ ನಿಷೇಧಿಸಿದೆ.

3. ಹೆಸರಿನ ಬಾಲವು ವಸ್ತುವಿನ ಗುಣವನ್ನು ಹೇಳುತ್ತದೆ. 'ಆಲ್' ಎಂದು ಮುಗಿದರೆ ಆಲ್ಕೊಹಾಲ್, 'ಓನ್' ಎಂದು ಮುಗಿದರೆ ಕೀಟೋನ್, 'ಓಯಿಕ್ ಆಮ್ಲ' ಎಂದಿದ್ದರೆ ಹುಳಿಯ ಜಾತಿ. ಎಥನಾಲ್ ಮದ್ಯದಲ್ಲಿರುವ ವಸ್ತು. ಒಂದೇ ಇಂಗಾಲ ಕಡಿಮೆ ಇರುವ ಮೆಥನಾಲ್ ಕುಡಿದರೆ ಕಣ್ಣು ಹೋಗುತ್ತದೆ, ಪ್ರಾಣವೂ ಹೋಗಬಹುದು.

4. ಅಂಟಿಕೊಂಡಿರುವ ಇತರ ಭಾಗಗಳನ್ನು ಹೆಸರಿನ ಮುಂದೆ ಹೇಳಬೇಕು. 'ಕ್ಲೋರೋ' ಎಂದರೆ ಕ್ಲೋರಿನ್, 'ಮೀಥೈಲ್' ಎಂದರೆ ಒಂದು ಇಂಗಾಲದ ಕವಲು. 'ಡೈ' ಎಂದರೆ ಎರಡು, 'ಟ್ರೈ' ಎಂದರೆ ಮೂರು.

5. ಮುಂದಿರುವ ಅಂಕಿಗಳು ಸ್ಥಾನವನ್ನು ಸೂಚಿಸುತ್ತವೆ. ಜಮೀನಿಗೆ ಸರ್ವೆ ನಂಬರು ಇದ್ದಂತೆ ಸರಪಳಿಯ ಅಥವಾ ಉಂಗುರದ ಪ್ರತಿ ಇಂಗಾಲಕ್ಕೂ ಒಂದು ನಂಬರು ಇರುತ್ತದೆ.

ಒಂದು ಉದಾಹರಣೆ: 2,4-ಡಿ

ಈ ಕಳೆನಾಶಕದ ಪೂರ್ಣ ಹೆಸರು 2,4-ಡೈಕ್ಲೋರೋ ಫಿನಾಕ್ಸಿ ಅಸಿಟಿಕ್ ಆಮ್ಲ. ಇದನ್ನು ಕೊನೆಯಿಂದ ಓದಬೇಕು. 'ಮರದ ನೇಗಿಲು' ಎಂದಾಗ ವಸ್ತು ನೇಗಿಲೇ ಹೊರತು ಮರವಲ್ಲ. ಹಾಗೆಯೇ ಇಲ್ಲಿ ಮೂಲ ವಸ್ತು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿ. 'ಫಿನಾಕ್ಸಿ' ಎಂದರೆ ಆರು ಇಂಗಾಲಗಳ ಉಂಗುರವೊಂದು ಆಮ್ಲಜನಕದ ಮೂಲಕ ಅದಕ್ಕೆ ಸೇರಿದೆ. 'ಡೈಕ್ಲೋರೋ' ಎಂದರೆ ಆ ಉಂಗುರದ ಮೇಲೆ ಎರಡು ಕ್ಲೋರಿನ್ ಇವೆ. ಅವು 2ನೆಯ ಮತ್ತು 4ನೆಯ ಇಂಗಾಲಗಳ ಮೇಲಿವೆ. 5ನೆಯ ಇಂಗಾಲಕ್ಕೂ ಒಂದು ಕ್ಲೋರಿನ್ ಸೇರಿದರೆ ಅದು 2,4,5-ಟಿ ಎಂಬ ಬೇರೆಯೇ ವಸ್ತು. ಅದರ ತಯಾರಿಕೆಯಲ್ಲಿ ಡಯಾಕ್ಸಿನ್ ಎಂಬ ಘೋರ ವಿಷ ಹುಟ್ಟುವುದರಿಂದ ಅನೇಕ ದೇಶಗಳು ಅದನ್ನು ನಿಷೇಧಿಸಿವೆ.

2,4-ಡಿ ಅಂಗಡಿಯಲ್ಲಿ ಸೋಡಿಯಂ ಲವಣ, ಅಮೈನ್ ಲವಣ, ಈಥೈಲ್ ಎಸ್ಟರ್ ಎಂಬ ರೂಪಗಳಲ್ಲಿ ಸಿಗುತ್ತದೆ. ಆಮ್ಲವು ಕ್ಷಾರದೊಡನೆ ಸೇರಿದರೆ ಲವಣ, ಆಲ್ಕೊಹಾಲಿನೊಡನೆ ಸೇರಿದರೆ ಎಸ್ಟರ್. ಲವಣಗಳು ಸುಲಭವಾಗಿ ಆವಿಯಾಗುವುದಿಲ್ಲ. ಈಥೈಲ್ ಎಸ್ಟರ್ ಬಿಸಿಲಿಗೆ ಆವಿಯಾಗಿ ಗಾಳಿಯೊಡನೆ ಸಾಗುತ್ತದೆ. ಜೋಳ, ಕಬ್ಬುಗಳು ತಾಳಿಕೊಳ್ಳುವ ಈ ಔಷಧಿಯನ್ನು ಹತ್ತಿ, ದ್ರಾಕ್ಷಿ, ಟೊಮೆಟೊ ತಾಳಲಾರವು. ಪಕ್ಕದ ಹೊಲದ ಹತ್ತಿಯ ಎಲೆ ಕಿರಿದಾಗಿ, ಸೀಳಿ, ಬೆಂಡೆಯ ಎಲೆಯಂತೆ ಕಂಡರೆ ಇದರ ಆವಿ ಅಥವಾ ತುಂತುರು ತಾಗಿರುವ ಸಂಭವ ಹೆಚ್ಚು. ಹತ್ತಿರದಲ್ಲಿ ಇಂಥ ಬೆಳೆ ಇದ್ದಾಗ ಎಸ್ಟರ್ ರೂಪವನ್ನು ಬಳಸಲೇಬಾರದು. ಲವಣವನ್ನೂ ಗಾಳಿ ಬೀಸುವಾಗ ಸಿಂಪಡಿಸಬಾರದು. ಕಳೆನಾಶಕಕ್ಕೆ ಬೇರೆಯೇ ಸಿಂಪರಣಾ ಯಂತ್ರವನ್ನು ಇಟ್ಟುಕೊಳ್ಳಬೇಕು. ಒಂದು ಪದವನ್ನು ಓದದೆ ಬಿಟ್ಟರೆ ನೆರೆಯವನ ವರ್ಷದ ಬೆಳೆ ಹಾಳಾಗಬಹುದು.

ಮೂರು ಹೆಸರುಗಳು

ಪ್ರತಿ ಔಷಧಿಗೂ ಮೂರು ಹೆಸರುಗಳಿರುತ್ತವೆ: ನಿಯಮದಂತೆ ಕಟ್ಟಿದ ಉದ್ದನೆಯ ರಾಸಾಯನಿಕ ಹೆಸರು, ಎಲ್ಲ ದೇಶಗಳೂ ಒಪ್ಪಿದ ಚಿಕ್ಕದಾದ ಸಾಮಾನ್ಯ ಹೆಸರು, ಕಂಪನಿಯ ವ್ಯಾಪಾರಿ ಹೆಸರು. ವ್ಯಾಪಾರಿ ಹೆಸರು ಕಂಪನಿಗೊಂದು. ಸಾಮಾನ್ಯ ಹೆಸರು ಎಲ್ಲೆಡೆ ಒಂದೇ. ಆದ್ದರಿಂದ ಕೊಳ್ಳುವಾಗ ಸಾಮಾನ್ಯ ಹೆಸರನ್ನೂ ಅದರ ಮುಂದಿನ ಶೇಕಡಾ ಪ್ರಮಾಣವನ್ನೂ ನೋಡಬೇಕು. ಉದಾಹರಣೆಗೆ, ಇಮಿಡಾಕ್ಲೋಪ್ರಿಡ್ ಶೇಕಡಾ 17.8ರ ದ್ರವವಾಗಿಯೂ ಶೇಕಡಾ 70ರ ಹರಳಾಗಿಯೂ ದೊರೆಯುತ್ತದೆ. ದ್ರವದ ಅಳತೆಯಲ್ಲಿಯೇ ಹರಳನ್ನು ಹಾಕಿದರೆ ಸುಮಾರು ನಾಲ್ಕು ಪಟ್ಟು ಔಷಧಿ ಬಿದ್ದಂತಾಗುತ್ತದೆ.

ಸಾಮಾನ್ಯ ಹೆಸರಿನ ಬಾಲದಿಂದ ಔಷಧಿಯ ಗುಂಪನ್ನೂ ಬಹುಮಟ್ಟಿಗೆ ಗುರುತಿಸಬಹುದು:

- 'ಫಾಸ್' ಎಂದು ಮುಗಿಯುವ ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್: ಸಾವಯವ ರಂಜಕ ಗುಂಪು
- 'ತ್ರಿನ್' ಎಂದು ಮುಗಿಯುವ ಸೈಪರ್‌ಮೆತ್ರಿನ್, ಡೆಲ್ಟಾಮೆತ್ರಿನ್: ಪೈರೆತ್ರಾಯ್ಡ್ ಗುಂಪು
- 'ಕೊನಜೋಲ್' ಎಂದು ಮುಗಿಯುವ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್: ಟ್ರಯಜೋಲ್ ಗುಂಪಿನ ಶಿಲೀಂಧ್ರನಾಶಕಗಳು

ಈ ಗುರುತು ಎಲ್ಲ ಕಡೆಯೂ ನಡೆಯುವುದಿಲ್ಲ. ಮೆಲಾಥಿಯಾನ್, ಡೈಮಿಥೊಯೇಟ್‌ಗಳೂ ರಂಜಕ ಗುಂಪಿನವೇ. ಫೆನ್‌ವಲರೇಟ್ ಪೈರೆತ್ರಾಯ್ಡ್ ಗುಂಪಿನದು. ಸಂಶಯ ಬಂದಾಗ ಕೃಷಿ ಅಧಿಕಾರಿಗಳನ್ನು ಕೇಳಬೇಕು.

ಗುಂಪು ತಿಳಿದರೆ ಏನು ಲಾಭ?

ಮೊದಲನೆಯದಾಗಿ, ಹಣ ಉಳಿಯುತ್ತದೆ. ರಸ ಹೀರುವ ಕೀಟಗಳಿಗೆ ಒಂದು ಔಷಧಿ ನಾಟದಿದ್ದಾಗ ರೈತರು ಇನ್ನೊಂದು ಹೆಸರಿನ ಡಬ್ಬಿ ತರುತ್ತಾರೆ. ಇಮಿಡಾಕ್ಲೋಪ್ರಿಡ್ ಬಿಟ್ಟು ಥಯಾಮೆಥಾಕ್ಸಾಮ್ ತಂದರೆ ಹೆಸರು ಬದಲಾಯಿತೇ ಹೊರತು ಗುಂಪು ಬದಲಾಗಲಿಲ್ಲ. ಕೀಟದ ದೇಹದಲ್ಲಿ ಎರಡೂ ಒಂದೇ ಜಾಗಕ್ಕೆ ಪೆಟ್ಟು ಕೊಡುತ್ತವೆ. ಒಂದಕ್ಕೆ ಒಗ್ಗಿಕೊಂಡ ಕೀಟ ಇನ್ನೊಂದಕ್ಕೂ ಜಗ್ಗದಿರಬಹುದು. ಬದಲಿಸುವುದಾದರೆ ಗುಂಪನ್ನೇ ಬದಲಿಸಬೇಕು.

ಎರಡನೆಯದಾಗಿ, ಜೀವ ಉಳಿಯುತ್ತದೆ. ಸಾವಯವ ರಂಜಕ ಮತ್ತು ಕಾರ್ಬಮೇಟ್ ಗುಂಪಿನ ಔಷಧಿಗಳು ಮನುಷ್ಯರ ನರಗಳ ಕೆಲಸಕ್ಕೂ ಅಡ್ಡಿ ಮಾಡುತ್ತವೆ. ಬೆವರು, ಜೊಲ್ಲು, ವಾಂತಿ, ಮಸುಕಾದ ದೃಷ್ಟಿ, ಉಸಿರಾಟದ ತೊಂದರೆ ಇವುಗಳ ವಿಷದ ಲಕ್ಷಣಗಳು. ಇದಕ್ಕೆ ವೈದ್ಯರು ಆಟ್ರೊಪಿನ್ ಕೊಡುತ್ತಾರೆ. ರಂಜಕ ಗುಂಪಿನದಾದರೆ ಪ್ರಾಲಿಡಾಕ್ಸಿಮ್ ಕೂಡ ಕೊಡುವುದುಂಟು. ಪೈರೆತ್ರಾಯ್ಡ್‌ಗಳಿಗೆ ಇಂಥ ನಿರ್ದಿಷ್ಟ ಪ್ರತಿವಿಷವಿಲ್ಲ. ಆದುದರಿಂದ ಯಾವ ವಿಷವೆಂದು ವೈದ್ಯರಿಗೆ ಕೂಡಲೇ ತಿಳಿಯಬೇಕು. 'ಹತ್ತಿಗೆ ಹೊಡೆಯುವ ಎಣ್ಣೆ' ಎಂದರೆ ಅವರಿಗೆ ಏನೂ ತಿಳಿಯದು. ವಿಷ ತಾಗಿದವರ ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆದು, ಡಬ್ಬಿಯನ್ನು ಅಥವಾ ಅದರ ಚೀಟಿಯನ್ನು ಜೊತೆಗೆ ತೆಗೆದುಕೊಂಡೇ ಆಸ್ಪತ್ರೆಗೆ ಹೋಗಬೇಕು. ಔಷಧಿಯನ್ನು ಮೂಲ ಡಬ್ಬಿಯಿಂದ ಬೇರೆ ಬಾಟಲಿಗೆ ಎಂದೂ ಸುರಿದಿಡಬಾರದು. ಚೀಟಿ ಹೋದರೆ ಹೆಸರು ಹೋದಂತೆ.

ನೆನಪಿಡಬೇಕಾದ ಅಂಶಗಳು

1. ವ್ಯಾಪಾರಿ ಹೆಸರನ್ನಲ್ಲ, ಸಾಮಾನ್ಯ ಹೆಸರು ಮತ್ತು ಶೇಕಡಾ ಪ್ರಮಾಣವನ್ನು ಕೇಳಿ ಕೊಳ್ಳಿರಿ.
2. ಲವಣವೋ ಎಸ್ಟರೋ ನೋಡಿರಿ.
3. ಡಬ್ಬಿಯ ತ್ರಿಕೋನದ ಬಣ್ಣ ಗಮನಿಸಿರಿ. ಕೆಂಪು ಅತ್ಯಂತ ವಿಷಕಾರಿ. ಅನಂತರ ಹಳದಿ, ನೀಲಿ, ಹಸಿರು. ಹಸಿರು ಎಂದರೆ ವಿಷವಿಲ್ಲ ಎಂದಲ್ಲ, ಕಡಿಮೆ ಎಂದು ಮಾತ್ರ.
4. ಬಳಸಿದ ಔಷಧಿಯ ಸಾಮಾನ್ಯ ಹೆಸರು, ದಿನಾಂಕ, ಬೆಳೆ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ಸಿಂಪರಣೆಗೆ ಗುಂಪು ಬದಲಿಸಲು ಇದು ನೆರವಾಗುತ್ತದೆ.

ಓದು ಬಲ್ಲ ರೈತರು ಅಂಗಡಿಯಲ್ಲಿ ಎರಡು ನಿಮಿಷ ನಿಂತು ಆ ಸಣ್ಣ ಅಕ್ಷರಗಳನ್ನು ಓದಬೇಕು. ಓದು ಬಾರದ ನೆರೆಯವರಿಗೂ ಕೂಲಿಯಾಳುಗಳಿಗೂ ಅದನ್ನು ಓದಿ ಹೇಳಬೇಕು. ಔಷಧಿ ಹೊತ್ತು ಸಿಂಪಡಿಸುವವರು ಹೆಚ್ಚಾಗಿ ಅವರೇ.