ಬೇಸಿಗೆಯ ಹವಾಮಾನ ಮುನ್ನೋಟ: ಶಾಂತಿಗ್ರಾಮ ಸೀಮೆಯ ವರ್ತಕರು ಅದನ್ನು ಓದಬೇಕಾದ ಬಗೆ

ಪೇಟೆಯ ಧಾರಣೆ, ಬ್ಯಾಂಕಿನ ಬಡ್ಡಿ, ಲಾರಿ ಬಾಡಿಗೆ ಇವುಗಳನ್ನು ವರ್ತಕರು ದಿನವೂ ಗಮನಿಸುತ್ತಾರೆ. ಹವಾಮಾನ ವರದಿಯನ್ನು ಮಾತ್ರ ಅದು ರೈತರಿಗೆ ಸಂಬಂಧಿಸಿದ್ದೆಂದು ಬದಿಗಿಡುವ ರೂಢಿ ಇನ್ನೂ ಇದೆ. ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳನ್ನು ಒಳಗೊಂಡ ಶಾಂತಿಗ್ರಾಮ ಸೀಮೆಯಲ್ಲಿ ಈ ಉದಾಸೀನಕ್ಕೆ ತೆರಬೇಕಾದ ಬೆಲೆ ದೊಡ್ಡದು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಇಲ್ಲಿ ಬಿತ್ತನೆ ಆಲೂಗಡ್ಡೆಯ ವಹಿವಾಟು ನಡೆಯುತ್ತದೆ. ಕೊಬ್ಬರಿ ದಾಸ್ತಾನು ಅಟ್ಟದಲ್ಲಿರುತ್ತದೆ. ಸಣ್ಣ ಕೈಗಾರಿಕೆಗಳು ಶೀಟಿನ ಮಾಡಿನ ಕೆಳಗೆ ದುಡಿಯುತ್ತಿರುತ್ತವೆ. ಇವೆಲ್ಲವೂ ಸೆಕೆಗೆ ಗುರಿಯಾಗುವಂಥವು.

ಶಾಖದ ಅಲೆಯ ವ್ಯಾಖ್ಯೆ

ಭಾರತೀಯ ಹವಾಮಾನ ಇಲಾಖೆಯ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಮುಟ್ಟಿ, ವಾಡಿಕೆಗಿಂತ 4.5ರಿಂದ 6.4 ಡಿಗ್ರಿಯಷ್ಟು ಏರಿದರೆ ಅದು ಶಾಖದ ಅಲೆ. ಏರಿಕೆ 6.4 ಡಿಗ್ರಿಯನ್ನು ಮೀರಿದರೆ ತೀವ್ರ ಶಾಖದ ಅಲೆ. ವಾಡಿಕೆ ಎಷ್ಟೇ ಇರಲಿ, ಉಷ್ಣಾಂಶ 45 ಡಿಗ್ರಿ ತಲುಪಿದರೂ ಶಾಖದ ಅಲೆಯೆಂದೇ ಪರಿಗಣಿಸಲಾಗುತ್ತದೆ. ಒಂದು ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ ಸತತ ಎರಡು ದಿನ ಈ ಸ್ಥಿತಿ ಕಂಡುಬಂದ ಮೇಲೆ ಎರಡನೆಯ ದಿನ ಘೋಷಣೆ ಹೊರಡುತ್ತದೆ. ಹಾಸನ ಜಿಲ್ಲೆ ಸೇರುವುದು ದಕ್ಷಿಣ ಒಳನಾಡು ಕರ್ನಾಟಕ ಉಪವಿಭಾಗಕ್ಕೆ.

ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಹಾಸನದಲ್ಲಿ ಪಾದರಸ 40 ಡಿಗ್ರಿಗೆ ಏರುವುದು ತೀರ ಅಪರೂಪ. ಹೆಚ್ಚುಕಡಿಮೆ ಇಷ್ಟೇ ಎತ್ತರದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್ 24ರಂದು 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾದಾಗ ಅವು ದೊಡ್ಡ ಸುದ್ದಿಗಳಾದವು. ಆದ್ದರಿಂದ ‘ಶಾಖದ ಅಲೆ’ ಎಂಬ ಘೋಷಣೆಗಾಗಿಯೇ ಕಾಯುವ ವರ್ತಕನಿಗೆ ಅದು ಎಂದೂ ಬಾರದಿರಬಹುದು. ಅಷ್ಟರೊಳಗೆ ಸರಕು ಮಾತ್ರ ಕೆಟ್ಟಿರುತ್ತದೆ. ಪ್ರತಿಯೊಂದು ಸರಕಿಗೂ ಅದರದೇ ಆದ ತಾಳಿಕೆಯ ಮಿತಿ ಇದೆ. ಮುನ್ನೋಟವನ್ನು ಆ ಮಿತಿಗೆ ಹೋಲಿಸಿ ಓದಬೇಕೆಂಬುದೇ ಇಲ್ಲಿ ಮನಗಾಣಬೇಕಾದ ಮುಖ್ಯ ಸಂಗತಿ.

ಸೆಕೆಯ ಲೆಕ್ಕ

ಬೇಸಿಗೆಯ ಉತ್ತರಾರ್ಧದಲ್ಲಿ ಅರಬ್ಬೀ ಸಮುದ್ರದ ತೇವ ಪಶ್ಚಿಮ ಘಟ್ಟವನ್ನು ದಾಟಿ ಒಳನಾಡಿಗೆ ಬರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಂತೆ ಬೆವರು ಆರುವುದಿಲ್ಲ. ದೇಹಕ್ಕೆ ತಟ್ಟುವ ಶಾಖ ಥರ್ಮಾಮೀಟರ್ ತೋರಿಸುವುದಕ್ಕಿಂತ ಹೆಚ್ಚಾಗುತ್ತದೆ. ಉಷ್ಣಾಂಶ 34 ಡಿಗ್ರಿ ಇದ್ದು ಸಾಪೇಕ್ಷ ಆರ್ದ್ರತೆ ಶೇ. 40 ಇದ್ದರೆ ನೆರಳಿನಲ್ಲಿ ಅನುಭವಕ್ಕೆ ಬರುವ ಶಾಖ ಸುಮಾರು 36 ಡಿಗ್ರಿ. ಅದೇ 34 ಡಿಗ್ರಿಯಲ್ಲಿ ಆರ್ದ್ರತೆ ಶೇ. 60ಕ್ಕೆ ಏರಿದರೆ ಅದು ಸುಮಾರು 42 ಡಿಗ್ರಿ. ಇದನ್ನು ಉಷ್ಣ ಸೂಚ್ಯಂಕವೆನ್ನುತ್ತಾರೆ. ಹವಾಮಾನ ಇಲಾಖೆಯು 2023ರಿಂದ ಪ್ರಾಯೋಗಿಕವಾಗಿ ಇದನ್ನು ಪ್ರಕಟಿಸಲು ಆರಂಭಿಸಿತು. ಕಾರ್ಖಾನೆಯ ಪಾಳಿಯನ್ನು ಬೆಳಗಿನ ಜಾವಕ್ಕೆ ಸರಿಸಬೇಕೆ, ಲೋಡಿಂಗ್ ಕೆಲಸವನ್ನು ಮಧ್ಯಾಹ್ನ ನಿಲ್ಲಿಸಬೇಕೆ ಎಂಬುದನ್ನು ಈ ಸಂಖ್ಯೆಯ ಮೇಲೆ ನಿರ್ಧರಿಸುವುದು ಯುಕ್ತ.

ಗೋದಾಮಿನ ಮಟ್ಟಿಗೆ ಕನಿಷ್ಠ ಉಷ್ಣಾಂಶವೂ ಅಷ್ಟೇ ಮುಖ್ಯ. ರಾತ್ರಿ ತಂಪಾಗದಿದ್ದರೆ ಹಗಲಿನಲ್ಲಿ ಕಾದ ದಾಸ್ತಾನು ಆರುವುದಿಲ್ಲ. ತೇವ ಹೆಚ್ಚಿದಾಗ ಚನ್ನರಾಯಪಟ್ಟಣದ ಕಡೆಯ ಉಂಡೆ ಕೊಬ್ಬರಿಗೆ ಬೂಷ್ಟು ಹಿಡಿಯುವ ಭಯವೂ ಇರುತ್ತದೆ.

ಮುನ್ಸೂಚನೆಯ ನಾಲ್ಕು ಹಂತಗಳು

ಎಲ್ಲ ಮುನ್ಸೂಚನೆಗಳೂ ಒಂದೇ ತೂಕದವಲ್ಲ. ಮೊದಲನೆಯದು ದೀರ್ಘಾವಧಿಯದು. ಬೇಸಿಗೆಯ ಉಷ್ಣಾಂಶ ಹಾಗೂ ಮುಂಗಾರಿನ ಒಟ್ಟು ಮಳೆಯ ಬಗ್ಗೆ ಇದು ಸಾಧ್ಯತೆಯನ್ನಷ್ಟೇ ಹೇಳುತ್ತದೆ. ಮುಂಗಾರಿನ ಮೊದಲ ಮುನ್ನೋಟ ಏಪ್ರಿಲ್ ನಡುವಿನಲ್ಲಿ, ಪರಿಷ್ಕೃತ ಮುನ್ನೋಟ ಮೇ ಕೊನೆಯಲ್ಲಿ ಹೊರಬರುತ್ತದೆ. ಬಂಡವಾಳದ ಅಂದಾಜಿಗೆ ಇದು ಸಾಕು. ಖರೀದಿಯ ದಿನವನ್ನು ಗೊತ್ತುಮಾಡಲು ಸಾಲದು. ಎರಡನೆಯದು ಪ್ರತಿ ಗುರುವಾರ ಹೊರಡುವ, ಮುಂದಿನ ವಾರಗಳ ವಿಸ್ತೃತ ಮುನ್ನೋಟ. ಲಾರಿಗೆ ಸರಕು ತುಂಬಿಸುವ ವಾರವನ್ನು ಆರಿಸಲು ಇದು ಸಹಾಯಕ. ಮೂರನೆಯದು ಜಿಲ್ಲಾವಾರು ಮುನ್ನೆಚ್ಚರಿಕೆ. ಇದರಲ್ಲಿ ಹಳದಿ ಬಣ್ಣಕ್ಕೆ ಗಮನವಿರಲಿ ಎಂದೂ, ಕಿತ್ತಳೆಗೆ ಸಿದ್ಧರಾಗಿರಿ ಎಂದೂ, ಕೆಂಪಿಗೆ ಕೂಡಲೇ ಕ್ರಮ ಕೈಗೊಳ್ಳಿ ಎಂದೂ ಅರ್ಥ. ನಾಲ್ಕನೆಯದು ಮೂರು ಗಂಟೆಗಳೊಳಗಿನ ಗುಡುಗು, ಸಿಡಿಲು, ಬಿರುಗಾಳಿಯ ಸೂಚನೆ. ಕಣದಲ್ಲಿ ಹರಡಿದ ಸರಕನ್ನು ಮುಚ್ಚಲು ಇದು ಒದಗುತ್ತದೆ.

ಅರಕಲಗೂಡಿನ ಪಶ್ಚಿಮ ಭಾಗ ಮಲೆನಾಡಿನ ಸೆರಗು, ಚನ್ನರಾಯಪಟ್ಟಣ ಬಯಲುಸೀಮೆ. ಜಿಲ್ಲೆಗೆಲ್ಲ ಒಂದೇ ಎಂದು ಹೇಳಿದ ಮಾತು ಎರಡೂ ಕಡೆಗೆ ಸಮನಾಗಿ ಹೊಂದುವುದಿಲ್ಲ. ಈ ಕೊರತೆಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ತುಂಬುತ್ತದೆ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಮತ್ತು ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳ ಮಾಹಿತಿಯನ್ನು ಅದು ಒದಗಿಸುತ್ತದೆ.

ಬಿತ್ತನೆ ಆಲೂಗಡ್ಡೆಯ ಉದಾಹರಣೆ

ಹಾಸನದ ಬಿತ್ತನೆ ಆಲೂಗಡ್ಡೆ ಮುಖ್ಯವಾಗಿ ಪಂಜಾಬಿನ ಜಲಂಧರ್ ಕಡೆಯಿಂದ ಬರುತ್ತದೆ. 2,500 ಕಿಲೋಮೀಟರಿಗೂ ಮೀರಿದ ಈ ದಾರಿ ಹಾಯುವುದು ಬೇಸಿಗೆಯಲ್ಲಿ ಅತಿ ಹೆಚ್ಚು ಕಾಯುವ ಪ್ರದೇಶಗಳ ಮೂಲಕ. ಶೀತಲಗೃಹದ ತಂಪಿನಿಂದ ಹೊರಬಂದ ಗೆಡ್ಡೆ ಒತ್ತಾಗಿ ಪೇರಿಸಿದ ಲಾರಿಯಲ್ಲಿ ಕಾದಾಗ ಆಮ್ಲಜನಕ ಸಾಲದೆ ಅದರ ಒಳಭಾಗ ಕಪ್ಪಾಗುತ್ತದೆ. ಹೊರಗೆ ನೋಡಿದರೆ ಇದು ತಿಳಿಯದು. ಆದಕಾರಣ ಹಾಸನದ ಮುನ್ನೋಟವೊಂದನ್ನೇ ನೋಡಿದರೆ ಸಾಲದು. ದಾರಿಯ ರಾಜ್ಯಗಳ ಶಾಖದ ಎಚ್ಚರಿಕೆಯನ್ನೂ ನೋಡಿ ಲಾರಿ ಹೊರಡಿಸಬೇಕು.

ಸರಕು ತಲುಪಿದ ಮೇಲೆ ಮಾರಾಟ ನಿಂತಿರುವುದು ಭರಣಿ, ಕೃತ್ತಿಕೆ ಮಳೆಗಳ ಮೇಲೆ. 2024ರ ಏಪ್ರಿಲ್ ದಕ್ಷಿಣ ಒಳನಾಡಿನಲ್ಲಿ ಒಣಗಿಯೇ ಕಳೆಯಿತು. 2025ರಲ್ಲಿ ಇದಕ್ಕೆ ತದ್ವಿರುದ್ಧವಾಗಿ ಮೇ ತಿಂಗಳಲ್ಲಿ ರಾಜ್ಯದಲ್ಲಿ ವಾಡಿಕೆಗಿಂತ ಬಹಳ ಹೆಚ್ಚು ಮಳೆ ಸುರಿಯಿತು. ಜೂನ್ 1ರ ವಾಡಿಕೆಯನ್ನು ಮೀರಿ ಮೇ 24ರಂದೇ ಮುಂಗಾರು ಕೇರಳವನ್ನು ಪ್ರವೇಶಿಸಿತು. ಮಳೆ ತಡವಾದರೆ ಮಂಡಿಯಲ್ಲಿನ ಗೆಡ್ಡೆ ಸೊರಗಿ ಕೊಳೆಯುತ್ತದೆ. ಅತಿಯಾದರೆ ಹೊಲ ಹದಕ್ಕೆ ಬಾರದೆ ಬೇಡಿಕೆ ಕುಸಿಯುತ್ತದೆ. ಎರಡೂ ಸಂದರ್ಭಗಳಲ್ಲಿ ಒಂದೇ ಕಂತಿನಲ್ಲಿ ಸರಕು ತರಿಸಿದವರಿಗಿಂತ ಮೂರು ನಾಲ್ಕು ಕಂತುಗಳಲ್ಲಿ ತರಿಸುವವರ ನಷ್ಟ ಮಿತಿಯಲ್ಲಿರುತ್ತದೆ.

ಲೆಕ್ಕಪುಸ್ತಕ ಮತ್ತು ವಿಮೆ

ಒಬ್ಬ ವರ್ತಕ ₹1,000ದಂತೆ 100 ಚೀಲ ಕೊಂಡನೆಂದು ಭಾವಿಸೋಣ. ರೂಢಿಯ ನಷ್ಟ 3 ಚೀಲ; ಆದುದರಿಂದ ಉಳಿದ 97 ಚೀಲಗಳ ಅಸಲು ತಲಾ ₹1,031. ಶಾಖದಿಂದ ಇನ್ನೂ 7 ಚೀಲ ಕೆಟ್ಟರೆ ಆ ₹7,217 ಅಸಹಜ ನಷ್ಟ. ಅದನ್ನು ದಾಸ್ತಾನಿನ ಬೆಲೆಗೆ ಸೇರಿಸದೆ ನೇರವಾಗಿ ಲಾಭ–ನಷ್ಟ ಖಾತೆಗೆ ಒಯ್ಯಬೇಕು. ಉಳಿದ 90 ಚೀಲಗಳ ಅಸಲು ₹92,783. ಪೇಟೆಯಲ್ಲಿ ಖರ್ಚು ಕಳೆದು ₹90,000 ಮಾತ್ರ ಹುಟ್ಟುವುದಾದರೆ, ಅಸಲು ಮತ್ತು ನಿವ್ವಳ ವಸೂಲಿ ಮೌಲ್ಯಗಳಲ್ಲಿ ಕಡಿಮೆಯಾದುದನ್ನು ಹಿಡಿಯಬೇಕೆಂಬ ಲೆಕ್ಕಪತ್ರ ಮಾನಕ 2ರ ನಿಯಮದಂತೆ ದಾಸ್ತಾನನ್ನು ₹90,000ಕ್ಕೇ ತೋರಿಸಬೇಕು. ರೂಢಿಯ ನಷ್ಟವನ್ನೂ ಶಾಖದ ನಷ್ಟವನ್ನೂ ಒಂದೇ ಸಾಲಿನಲ್ಲಿ ಬರೆದರೆ ಹವಾಮಾನದಿಂದ ಎಷ್ಟು ಹೋಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

ತೆರಿಗೆಯುಳ್ಳ ಸರಕುಗಳ ತಯಾರಕರು ಇನ್ನೊಂದು ಅಂಶವನ್ನು ಗಮನಿಸಬೇಕು. ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯುವುದಿಲ್ಲ. ಆದ್ದರಿಂದ ನಿಜವಾದ ನಷ್ಟ ಸರಕಿನ ಬೆಲೆಗಿಂತ ಹೆಚ್ಚು.

ವಿಮೆಯ ಬಗ್ಗೆಯೂ ತಪ್ಪು ತಿಳಿವಳಿಕೆಗಳಿವೆ. ಬೆಂಕಿ ವಿಮೆಯ ಸಾಮಾನ್ಯ ಪಾಲಿಸಿ ಬರಿಯ ಸೆಕೆಯಿಂದ ಕೊಳೆತ ಸರಕಿಗೆ ಪರಿಹಾರ ಕೊಡುವುದಿಲ್ಲ. ಸಾಗಣೆ ವಿಮೆಯ ಸಾಮಾನ್ಯ ಷರತ್ತುಗಳು ವಿಳಂಬದಿಂದಾದ ನಷ್ಟವನ್ನೂ ಸರಕಿನ ಸಹಜ ಗುಣದಿಂದಾದ ಕೆಡುಕನ್ನೂ ಹೊರಗಿಡುತ್ತವೆ. ಶೀತಲಗೃಹದ ಯಂತ್ರ ಕೆಟ್ಟು ಆಲೂಗಡ್ಡೆ ಹಾಳಾದರೆ ಪರಿಹಾರ ನೀಡುವ ಪ್ರತ್ಯೇಕ ಪಾಲಿಸಿ ಇದೆ. ಸರಕು ಇರಿಸುವ ಮುನ್ನ ಶೀತಲಗೃಹದವರು ಅದನ್ನು ಪಡೆದಿರುವರೇ ಎಂದು ವಿಚಾರಿಸಬೇಕು.

ಮಾರ್ಚ್ ಕೊನೆಯ ದಾಸ್ತಾನು ಎಣಿಕೆಯೊಂದಿಗೆ ಪ್ರತಿಯೊಬ್ಬ ವರ್ತಕನೂ ಒಂದು ಪುಟದ ಪಟ್ಟಿ ಸಿದ್ಧಪಡಿಸಿಕೊಳ್ಳುವುದು ಒಳಿತು: ಸರಕು, ಅದು ತಾಳುವ ಶಾಖ ಮತ್ತು ತೇವ, ಆ ಮಿತಿ ಸಮೀಪಿಸಿದಾಗ ಮಾಡಬೇಕಾದ ಕೆಲಸ, ಹೊಣೆ ಹೊತ್ತವರ ಹೆಸರು. ಪ್ರತಿ ಗುರುವಾರ ಮುನ್ನೋಟವನ್ನು ಆ ಪಟ್ಟಿಯೊಡನೆ ತಾಳೆ ನೋಡಲು ಹತ್ತು ನಿಮಿಷ ಸಾಕು. ಬಿಸಿಲನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಖರೀದಿಯ ಕಂತು, ಲಾರಿ ಹೊರಡುವ ದಿನ, ವಿಮೆಯ ಷರತ್ತು ಇವು ಮಾತ್ರ ವರ್ತಕನ ಕೈಯಲ್ಲಿಯೇ ಇವೆ.