ಹಳೆಯ ಗಾಡಿಯ ಆಯಿಲ್ ಒತ್ತಡ ಮತ್ತು ರಾಕರ್ ಸದ್ದು: ಎಂಜಿನ್ ಇಳಿಸುವ ಮುನ್ನ ನೋಡತಕ್ಕ ಸಂಗತಿಗಳು



ನಮ್ಮ ಸದಸ್ಯರ ಪೈಕಿ ಹಲವರ ಮನೆಯಂಗಳದಲ್ಲಿ ಇಂದಿಗೂ ಹಳೆಯ ಅಂಬಾಸಿಡರ್ ಕಾರೋ ಜೀಪೋ ನಿಂತಿದೆ. ಅಂಬಾಸಿಡರ್ ತಯಾರಿ ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲೇ ನಿಂತಿತು. ಆದರೂ ಗೊಬ್ಬರದ ಮೂಟೆ ತರಲು, ಮಳೆಗಾಲದ ರಾತ್ರಿ ಕಾಯಿಲೆಯವರನ್ನು ಪೇಟೆಯ ಆಸ್ಪತ್ರೆಗೆ ಒಯ್ಯಲು ಆ ಗಾಡಿಯೇ ಗತಿಯಾದ ಮನೆಗಳಿವೆ. ಅಂಥ ಗಾಡಿ ಟಕಟಕ ಎನ್ನತೊಡಗಿ, ಗ್ಯಾರೇಜಿನವರು "ಎಂಜಿನ್ ಇಳಿಸಬೇಕು" ಎಂದರೆ ಸಣ್ಣ ಬೆಳೆಗಾರನ ಎದೆ ಕುಸಿಯುವುದು ಸಹಜ. ಅಷ್ಟು ಖರ್ಚಿಗೆ ಒಪ್ಪುವ ಮುನ್ನ ನಾವೇ ನೋಡಬಹುದಾದದ್ದು ಬಹಳವಿದೆ.

ಈ ಪಾಠವನ್ನು ನಾವು ಕಲಿತದ್ದು ಬೆಂಗಳೂರಿನ ಶ್ರೀರಾಂಪುರದಲ್ಲಿ. ಕಾಫಿ ಮಂಡಳಿಯ ಕಚೇರಿಯಲ್ಲಿ ಕೆಲಸವಿದ್ದು ನಮ್ಮ ಅಂಬಾಸಿಡರಿನಲ್ಲಿ ಹೊರಟಿದ್ದೆವು. ನೆಲಮಂಗಲ ದಾಟುವ ಹೊತ್ತಿಗೆ ಎಂಜಿನ್ನಿನ ಸದ್ದು ಜೋರಾಯಿತು. ಆಯಿಲ್ ಒತ್ತಡದ ಮುಳ್ಳು ಮಾತ್ರ ಎಂದಿನ ಜಾಗದಲ್ಲೇ ಇತ್ತು. ಊರ ಕಡೆಯ ಗ್ಯಾರೇಜೊಂದರಲ್ಲಿ ಮೊದಲೇ "ಬೇರಿಂಗ್ ಹೋಗಿದೆ" ಎಂದು ಹೇಳಿದ್ದರು. ಮಲ್ಲೇಶ್ವರದ ನಮ್ಮ ನೆಂಟರು ಶ್ರೀರಾಂಪುರದ ಗಲ್ಲಿಯೊಂದರಲ್ಲಿದ್ದ ಹಿರಿಯ ಮೆಕ್ಯಾನಿಕ್ ಬಳಿಗೆ ಕಳುಹಿಸಿದರು. ಅವರು ಕೇಳಿದ್ದು ಒಂದೇ ಮಾತು: "ಇಳಿಸೋ ವಿಷಯ ಆಮೇಲೆ ಸ್ವಾಮಿ, ಮೇಲಿನ ಮುಚ್ಚಳ ತೆಗೆದು ನೋಡಿದ್ರಾ?" ಮುಚ್ಚಳ ತೆಗೆದು ಎಂಜಿನ್ನನ್ನು ನಿಧಾನವಾಗಿ ಓಡಿಸಿದರೆ, ರಾಕರ್ ಶಾಫ್ಟ್ ಒಣಗಿತ್ತು. ಆಯಿಲ್ ಮೇಲೇರುವ ಕಿರುದಾರಿಯಲ್ಲಿ ಗಸಿ ಕಟ್ಟಿಕೊಂಡಿತ್ತು.

ಮುಳ್ಳು ಸರಿಯಿದ್ದೂ ರಾಕರ್ ಒಣಗುವುದು ಹೇಗೆ? ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದನ್ನು ನೆನೆಯಿರಿ. ಮಾಪಕ ಇರುವುದು ಪಂಪಿನ ಬಳಿ, ನಾಜಲ್ ಇರುವುದು ದೋಟಿಯ ತುದಿಯಲ್ಲಿ. ನಾಜಲಿನಲ್ಲಿ ಸುಣ್ಣದ ಗಸಿ ಸಿಕ್ಕಿಕೊಂಡರೆ ಮಾಪಕ ಒತ್ತಡ ತೋರಿಸುತ್ತಲೇ ಇರುತ್ತದೆ, ಗೊನೆಗೆ ಹನಿ ಬೀಳುವುದಿಲ್ಲ. ನಾಜಲಿನ ತೂತು ಸವೆದು ದೊಡ್ಡದಾದರೆ ಒತ್ತಡವೇ ಏರುವುದಿಲ್ಲ. ಎಂಜಿನ್ನಿನಲ್ಲೂ ಹೀಗೆಯೇ. ಅಂಬಾಸಿಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನಲ್ಲಿ ಆಯಿಲ್ ಪಂಪಿನಿಂದ ಮುಖ್ಯ ನಾಳಕ್ಕೆ, ಅಲ್ಲಿಂದ ಕ್ರ್ಯಾಂಕ್ ಮತ್ತು ಕ್ಯಾಮ್ ಬೇರಿಂಗುಗಳಿಗೆ, ಕೊನೆಗೆ ರಾಕರ್ ಕಂಬದ ತೂತಿನ ಮೂಲಕ ರಾಕರ್ ಶಾಫ್ಟಿಗೆ ಹೋಗುತ್ತದೆ. ಮುಳ್ಳು ತೋರಿಸುವುದು ಮುಖ್ಯ ನಾಳದ ಒತ್ತಡವನ್ನು. ಬೇರಿಂಗ್ ಸವೆದರೆ ಅದು ಇಳಿಯುತ್ತದೆ. ಕೊನೆಯ ದಾರಿ ಕಟ್ಟಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಒತ್ತಡ ಕಡಿಮೆ ಕಂಡಾಗ ಈ ಕ್ರಮದಲ್ಲಿ ನೋಡತಕ್ಕದ್ದು:

1. ಓಡುತ್ತಿರುವಾಗಲೇ ಮುಳ್ಳು ಸೊನ್ನೆಗೆ ಬಿದ್ದರೆ ಅಥವಾ ಕೆಂಪು ದೀಪ ಹತ್ತಿದರೆ ಎಂಜಿನ್ನನ್ನು ತಕ್ಷಣ ನಿಲ್ಲಿಸಿ. ಮುಂದಿನ ಊರಿನವರೆಗೆ ಹೋಗೋಣವೆಂಬ ಆಸೆ ಬೇಡ.

2. ಡಿಪ್‌ಸ್ಟಿಕ್ ತೆಗೆದು ಆಯಿಲಿನ ಮಟ್ಟ ನೋಡಿ, ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ತೆಳುವಾಗಿದೆ ಎಂದರ್ಥ. ಕ್ಯಾಮ್‌ನಿಂದ ನಡೆಯುವ ಪೆಟ್ರೋಲ್ ಪಂಪ್ ಇದ್ದರೆ ಅದರ ಡಯಾಫ್ರಂ ಹರಿದಿರಬಹುದು. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ನೀರು ಸೇರಿದೆ.

3. ಬೇರೊಂದು ನಂಬಿಕೆಯ ಮಾಪಕ ಕೂಡಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒತ್ತಡ ನೋಡಿ. ಎಷ್ಟೋ ಸಲ ಕೆಟ್ಟಿರುವುದು ಮಾಪಕವೇ. 1000 ಸುತ್ತಿಗೆ ಸುಮಾರು 10 ಪೌಂಡ್ ಎಂಬುದು ಮೆಕ್ಯಾನಿಕ್‌ಗಳ ಸ್ಥೂಲ ಲೆಕ್ಕ.

4. ಒತ್ತಡ ಒಮ್ಮೆಲೇ ಬಿದ್ದಿದ್ದರೆ ರಿಲೀಫ್ ವಾಲ್ವಿನ ಕಸ, ಮುರಿದ ಸ್ಪ್ರಿಂಗ್, ಕಟ್ಟಿದ ಜಾಲರಿ ಇವುಗಳನ್ನು ಮೊದಲು ಶಂಕಿಸಿ. ವರ್ಷಗಟ್ಟಲೆ ನಿಧಾನವಾಗಿ ಇಳಿದು, ಬಿಸಿಯಲ್ಲಿ ಇನ್ನಷ್ಟು ಇಳಿಯುತ್ತಿದ್ದರೆ ಬೇರಿಂಗ್ ಅಥವಾ ಪಂಪಿನ ಸವೆತ. ಎಂಜಿನ್ ಇಳಿಸುವ ಮಾತು ಬರಬೇಕಾದದ್ದು ಇಲ್ಲಿ.

ಇನ್ನು ಸದ್ದಿನ ವಿಚಾರ. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ತಿರುಗುವುದು ಒಂದೇ ಸುತ್ತು. ಆದ್ದರಿಂದ ರಾಕರಿನದು ಮೇಲಿನಿಂದ ಬರುವ, ಎಂಜಿನ್ನಿನ ಅರ್ಧ ವೇಗದ ಹಗುರ ಟಕಟಕ. ಬೇರಿಂಗಿನದು ಕೆಳಗಿನಿಂದ ಬರುವ, ಭಾರ ಹೊತ್ತಾಗ ಹೆಚ್ಚುವ ದಪ್ಪ ಸದ್ದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಆಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಫ್ಯಾನಿನ ಬಳಿ ಪಂಚೆಯ ಅಂಚು ಜೋಕೆ. ಮುಚ್ಚಳ ತೆಗೆದು, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಫೀಲರ್ ಗೇಜಿನ ಎಲೆಯನ್ನು ಒಂದೊಂದೇ ಸಂದಿಗೆ ತೂರಿಸಿ. ಯಾವುದಕ್ಕೆ ಸದ್ದು ನಿಂತಿತೋ ತಪ್ಪು ಅಲ್ಲಿದೆ. ಪ್ರತಿ ರಾಕರಿನಲ್ಲೂ ಆಯಿಲ್ ಜಿನುಗುತ್ತಿರಬೇಕು.

ಸಂದು ಹೊಂದಿಸಲು ಅಂಬಾಸಿಡರಿಗೆ ಒಂಬತ್ತರ ಲೆಕ್ಕವಿದೆ. ಮುಂದಿನಿಂದ ಎಣಿಸಿ, 1ನೇ ವಾಲ್ವು ಪೂರ್ತಿ ಒತ್ತಿದಾಗ 8ನೆಯದನ್ನು, 3ನೆಯದು ಒತ್ತಿದಾಗ 6ನೆಯದನ್ನು ನೋಡಿ; ಎರಡೂ ಸೇರಿ ಒಂಬತ್ತಾಗಬೇಕು. ವಿಲ್ಲೀಸ್ ಮಾದರಿಯ ಹರಿಕೇನ್ ಪೆಟ್ರೋಲ್ ಎಂಜಿನ್ನಿನ ಜೀಪಿಗೆ ಈ ಲೆಕ್ಕ ಸಲ್ಲದು. ಅದರಲ್ಲಿ ಇನ್‌ಲೆಟ್ ವಾಲ್ವುಗಳು ಮಾತ್ರ ಮೇಲಿದ್ದು, ಎಕ್ಸಾಸ್ಟ್ ವಾಲ್ವುಗಳು ಬ್ಲಾಕಿನ ಪಕ್ಕದಲ್ಲಿವೆ. ರಾಕರ್ ತುದಿಯಲ್ಲಿ ಗುಳಿ ಬಿದ್ದಿದ್ದರೆ ಗೇಜಿನ ಎಲೆ ಗುಳಿಯ ಮೇಲೆ ಹಾದು ಸುಳ್ಳು ಅಳತೆ ಕೊಡುತ್ತದೆ. ಸದ್ದು ಅಡಗಲೆಂದು ಅತಿಯಾಗಿ ಬಿಗಿಮಾಡಿದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ.

ಒಂದು ಮುಖ್ಯ ಎಚ್ಚರಿಕೆ. ಅಂಬಾಸಿಡರಿನ ರಾಕರ್ ಕಂಬಗಳ ಕೆಲವು ನಟ್ಟುಗಳು ಸಿಲಿಂಡರ್ ಹೆಡ್ಡನ್ನೂ ಹಿಡಿದಿರುತ್ತವೆ. ರೇಡಿಯೇಟರ್ ನೀರು ಇಳಿಸಿ, ಹೆಡ್ಡಿನ ಎಲ್ಲ ನಟ್ಟುಗಳನ್ನೂ ಕ್ರಮವಾಗಿ ಸಡಿಲಿಸದೆ ಅವನ್ನಷ್ಟೇ ಬಿಚ್ಚಿದರೆ ಹೆಡ್ ಸೊಟ್ಟಗಾಗಿ ಆಯಿಲಿಗೆ ನೀರು ಸೇರಬಹುದು. ಈ ಕೆಲಸವನ್ನು ಬಲ್ಲವರಿಗೇ ಬಿಡಿ. ಆಯಿಲ್ ಕೂಡ ಹೊಸ ಕಾರುಗಳಿಗೆಂದು ಮಾರುವ ತೆಳುವಾದದ್ದು ಬೇಡ. ಈ ಎಂಜಿನ್ನುಗಳಿಗೆ 20ಡಬ್ಲ್ಯು-50 ಒಗ್ಗುತ್ತದೆ.

ನಮ್ಮ ಗಾಡಿಯ ಕಿರುದಾರಿಯನ್ನು ಶ್ರೀರಾಂಪುರದಲ್ಲಿ ಸ್ವಚ್ಛಗೊಳಿಸಿ, ಸವೆದ ಶಾಫ್ಟಿಗೆ ಬದಲು ಜೆ.ಸಿ. ರಸ್ತೆಯಿಂದ ತಂದದ್ದನ್ನು ಹಾಕಿದರು. ಎಂಜಿನ್ ಇಳಿಯಲಿಲ್ಲ. ಗಸಿ ಕಟ್ಟಿದ್ದು ನಾವು ಕಾಲಕ್ಕೆ ಸರಿಯಾಗಿ ಆಯಿಲ್ ಬದಲಿಸದಿದ್ದುದರಿಂದ. ಆ ತಪ್ಪು ನಮ್ಮದೇ. ಸದಸ್ಯರು ಮಳೆಗಾಲಕ್ಕೆ ಮುಂಚೆ ಒಮ್ಮೆ ಮುಚ್ಚಳ ತೆಗೆಸಿ ನೋಡಬೇಕೆಂದು ಕೋರುತ್ತೇವೆ.